ಹುಬ್ಬಳ್ಳಿ–ಧಾರವಾಡ: ಬೈಪಾಸ್ ಹಿಡೀಬೇಕಾ, ಪಿ.ಬಿ. ರೋಡ್ ಸಾಕಾ?

ಮ್ಯಾಪ್ ಹೇಳಿತು ಅಂತ ಸುಮ್ನೆ ಬೈಪಾಸಿಗೆ ಗಾಡಿ ತಿರುಗಿಸಬೇಡಿ. ಮೊದಲು ನೀವು ಎಲ್ಲಿಂದ ಎಲ್ಲಿಗೆ ಹೊರಟಿದ್ದೀರಿ ನೋಡಿ.

ಹುಬ್ಬಳ್ಳಿ ಕಡೆಯ ಗಬ್ಬೂರಿನಿಂದ ಧಾರವಾಡ ಕಡೆಯ ನರೇಂದ್ರದವರೆಗಿನ ಬೈಪಾಸ್ ಸುಮಾರು 30 ಕಿ.ಮೀ. ಪುಣೆ–ಬೆಂಗಳೂರು ಹೆದ್ದಾರಿಯ ಗಾಡಿಗಳು ಊರೊಳಗೆ ಬರದಿರಲಿ ಅಂತ ಮಾಡಿದ್ದು. ಹಾವೇರಿ ಕಡೆಯಿಂದ ಬೆಳಗಾವಿಗೆ ಹೊರಟವರು, ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗುವವರು ಧಾರಾಳವಾಗಿ ಹಿಡಿಯಿರಿ. ಹುಬ್ಬಳ್ಳಿಯ ವಿದ್ಯಾನಗರದಿಂದ ಧಾರವಾಡದ ಸಪ್ತಾಪುರಕ್ಕೆ ಹೋಗೋರಿಗೆ ಮಾತ್ರ ಅದು ಸುತ್ತು.

ಇನ್ನೊಂದು ಮಾತು. ಈ ಬೈಪಾಸ್ ಬಹಳ ವರ್ಷ ಡಿವೈಡರ್ ಇಲ್ಲದ ದ್ವಿಪಥವಾಗೇ ಇತ್ತು. 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಹತ್ತಿರ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊಗೂ ಟಿಪ್ಪರ್‌ಗೂ ಡಿಕ್ಕಿಯಾಗಿ ಸುಮಾರು ಮಂದಿ ಸತ್ತರು. ಆಮೇಲೆ ರಸ್ತೆ ಅಗಲ ಮಾಡಿ ಅನ್ನೋ ಕೂಗು ಜೋರಾಯಿತು, ಷಟ್ಪಥದ ಕೆಲಸವೂ ಶುರುವಾಯಿತು. ಕೆಲಸ ನಡೆದಲ್ಲಿ ಎದುರು ಗಾಡಿ ನಿಮ್ಮ ಪಕ್ಕದಲ್ಲೇ ಬರಬಹುದು. ರಾತ್ರಿ ಲಾರಿ ಹಿಂದೆ ಸಿಕ್ಕಿಕೊಂಡರೆ ಹಿಂದೇನೇ ಇರಿ.

ಓಣಿ ಓಣಿ ಜೋಡಿಸೋದು ಹಳೇ ಪಿ.ಬಿ. (ಪುಣೆ–ಬೆಂಗಳೂರು) ರೋಡೇ. ಹೊಸೂರು, ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ಟೋಲ್ ನಾಕಾ ಎಲ್ಲ ಇದರ ಮೇಲೇ ಬರುತ್ತವೆ. ರಸ್ತೆ ನಡುವೆ, ಎರಡೂ ಊರಿನ ಮಧ್ಯೆ ಓಡೋ ಚಿಗರಿ ಬಸ್ಸಿಗೇ ಮೀಸಲಾದ ದಾರಿ ಇದೆ, ಅದರೊಳಗೆ ನಿಮ್ಮ ಬೈಕ್ ಇಳಿಸಬೇಡಿ. ಮನೆ ಎದುರು ಬದಿಗಿದ್ದರೆ ಬೇಕೆಂದಲ್ಲಿ ಬಲಕ್ಕೆ ತಿರುಗೋಕೆ ಆಗಲ್ಲ, ಮುಂದಿನ ಸಿಗ್ನಲ್‌ವರೆಗೆ ಹೋಗಿ ತಿರುಗಿಸಿಕೊಂಡು ಬರಬೇಕು. ಹೊಸಬರು ಇಲ್ಲೇ ಎಡವೋದು, ತಿರುವು ತಪ್ಪಿತು ಅಂತ ಎದುರು ದಿಕ್ಕಿನಲ್ಲಿ ನುಗ್ಗುತ್ತಾರೆ.

ಒಬ್ಬರೇ ಹೊರಟಿದ್ದರೆ ಚಿಗರಿಯೇ ಆರಾಮ ಅಂತ ನನ್ನ ಲೆಕ್ಕ. ನಿಲ್ದಾಣ ರಸ್ತೆ ಮಧ್ಯದಲ್ಲಿದೆ, ಟಿಕೆಟ್ ಒಳಗೆ ಹೋಗುವ ಮುಂಚೆಯೇ ಕೌಂಟರಿನಲ್ಲಿ ತೆಗೆಸಬೇಕು, ಕಂಡಕ್ಟರ್‌ನನ್ನು ಕಾಯಬೇಡಿ. ಬಾಗಿಲು ಬಲಗಡೆ ತೆರೆಯುತ್ತದೆ, ಮೆಟ್ಟಿಲು ಹತ್ತೋ ತಾಪತ್ರಯ ಇಲ್ಲ, ಮೊಣಕಾಲು ನೋವಿನವರಿಗೆ ಇದು ದೊಡ್ಡ ಅನುಕೂಲ. ಎಲ್ಲ ಬಸ್ಸೂ ಎಲ್ಲ ಕಡೆ ನಿಲ್ಲಲ್ಲ, ಎಕ್ಸ್‌ಪ್ರೆಸ್ ಕೂಡ ಇವೆ. ನಿಮ್ಮ ಸ್ಟಾಪ್ ಚಿಕ್ಕದಾದರೆ ಕೌಂಟರಿನಲ್ಲೇ ಕೇಳಿಕೊಳ್ಳಿ. ಇಳಿದ ಮೇಲೆ ಸಿಗ್ನಲ್ ಬೀಳೋವರೆಗೆ ನಿಂತು ದಾಟಿ. ಓಣಿಯೊಳಗೆ ದೂರ ಇದ್ದರೆ ಆಟೋ ಹತ್ತೋ ಮುಂಚೆ ರೇಟು ಮಾತಾಡಿಕೊಳ್ಳಿ.