ದುಡ್ಡು ಕೈಗೆ ಬರೋಕೆ ಮುಂಚೆನೇ ಓದಿಸಿ: ಕೊಯ್ಲಿನ ಕೂಟದ ನನ್ನ ಅನುಭವ

ಕೊಡಗಿನ ಸುಂಟಿಕೊಪ್ಪ ಕಡೆ ನಮ್ಮ ಕುಟುಂಬ ಪ್ರಾರ್ಥನಾ ಕೂಟ ನಡೆಸ್ಕೊಂಡು ಬಂದಿರೋನು ನಾನು, ಜೊತೆಗೆ ನಾಲ್ಕು ಎಕರೆ ರೋಬಸ್ಟಾ ಕಾಫಿ ಇದೆ. ಕೂಟ ನಡೆಸೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಮನೇಲಿ ಕೂರೋಕೆ ಜಾಗ ಸಾಲ್ತಿರ್ಲಿಲ್ಲ, ಅದೇ ಜನ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ 10,000 ದಾಟಿದ ಮೇಲೆ ಭಾನುವಾರನೂ ಅಪರೂಪ ಆದ್ರು. ಬೈಬಲ್‌ನ ಹೋಶೇಯ 13:6 ಕಣ್ಣೆದುರೇ ನಡೀತಿತ್ತು, ಹೊಟ್ಟೆ ತುಂಬ್ತು, ಮನಸ್ಸು ಉಬ್ತು, ಮರೆತ್ರು.

ಮೊದಲು ಎಲ್ಲರ ಹಾಗೆ ಲೆಂಟ್ ಟೈಮಲ್ಲೇ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಲೂಕ 12 ತಗೊಂಡೆ, ಕಣಜ ಒಡೆದು ದೊಡ್ಡದು ಕಟ್ಟೋಕೆ ಹೊರಟ ಐಶ್ವರ್ಯವಂತ. ಅಷ್ಟೊತ್ತಿಗೆ ಕಾಫಿ ಮಾರಿ ಹೊಸ ಕಾರು ಅಂಗಳದಲ್ಲಿ ನಿಂತಿತ್ತು, ಆ ಮನೆಯವರು "ಇದು ನಂಗೇ ಹೇಳಿದ್ದಲ್ವಾ ಬ್ರದರ್" ಅಂತ ಕೇಳಿ ಬರೋದೇ ಬಿಟ್ರು. ಆಮೇಲೆ ಪ್ರಕಟನೆ ಪುಸ್ತಕದಲ್ಲಿ "ನಾನು ಐಶ್ವರ್ಯವಂತ, ನಂಗೇನೂ ಕೊರತೆ ಇಲ್ಲ" ಅಂದ ಲವೊದಿಕೀಯ ಸಭೆ ಬಗ್ಗೆ ಕರಪತ್ರ ಪ್ರಿಂಟ್ ಹಾಕ್ಸಿದ್ವಿ, ಒಂದು ಮೂರು ಸಾವಿರ ಹೋಯ್ತು. ಹೊರಗಿಂದ ಪ್ರಸಂಗಿ ಕರೆಸಿ ಗಾಡಿ ಬಾಡಿಗೆ, ಊಟ ಎಲ್ಲಾ ಸೇರಿ ಆರೇಳು ಸಾವಿರ. ಜನ ಬಂದ್ರು, ಉಂಡ್ರು, ಹೋದ್ರು.

ಧರ್ಮೋಪದೇಶಕಾಂಡ 8ನ್ನ ಮತ್ತೆ ಕೂತು ಓದಿದಾಗ ದಾರಿ ಸಿಕ್ತು. ಒಳ್ಳೇ ಮನೆ, ದನಕುರಿ, ಬೆಳ್ಳಿಬಂಗಾರ ಹೆಚ್ಚಿದಾಗ ಹುಷಾರು ಅಂತ ಮೋಶೆ ಹೇಳಿದ್ದು ಯಾವಾಗ? ಯೊರ್ದನ್ ದಾಟೋಕೆ ಮುಂಚೆ, ಜನ ಇನ್ನೂ ಮನ್ನಾ ತಿಂತಿದ್ದಾಗ! ನಾವೆಲ್ಲ ದಾಟಿ ಉಂಡು ಮಲಗಿದ ಮೇಲೆ ಎಚ್ಚರಿಕೆ ಕೊಡ್ತಿದ್ವಿ.

ಹಾಗಾಗಿ ಕೂಟನ ಡಿಸೆಂಬರ್‌ಗೆ ತಂದೆ, ರೋಬಸ್ಟಾ ಕೊಯ್ಲು ಶುರುವಾಗೋ ಮುಂಚೆ, ಕಣ ಗುಡಿಸಿ ರೆಡಿ ಮಾಡೋ ವಾರ, ಕಣದಲ್ಲೇ. ಪ್ರತಿ ಮನೆಗೂ ಒಂದು ಹಾಳೆ. ಗೊಬ್ಬರ, ಕೂಲಿ, ಮಕ್ಕಳ ಫೀಸು, ಸೊಸೈಟಿ ಸಾಲ ಎಲ್ಲಾ ಬರೆದು ಕೂಡಿಸಿ ಕೆಳಗೊಂದು ಗೆರೆ, ಗೆರೆ ಮೇಲೆ "ಸಾಕು". ಜ್ಞಾನೋಕ್ತಿ 30ರಲ್ಲಿ ಆಗೂರ ಅನ್ನೋನು ದೇವರನ್ನ ಬೇಡ್ತಾನಲ್ಲ, ಬಡತನನೂ ಬೇಡ ಐಶ್ವರ್ಯನೂ ಬೇಡ, ಹೊಟ್ಟೆ ತುಂಬಿ ನಿನ್ನನ್ನೇ ಬೇಡ ಅಂದುಬಿಟ್ಟೇನು ಅಂತ, ಅದನ್ನೇ ಓದಿ ಬರೆಸಿದ್ದು. ಗೆರೆ ದಾಟಿ ಬಂದಿದ್ದು ಎಲ್ಲಿಗೆ ಹೋಗ್ಬೇಕು ಅನ್ನೋದೂ ಆವತ್ತೇ ಬರೀಬೇಕು. ಕವರ್ ಅಂಟಿಸಿ ಅವರವರ ಬೈಬಲ್‌ನಲ್ಲೇ ಇಡೋದು, ಕಾಫಿ ಮಾರಿದ ದಿನ ಬಿಚ್ಚೋದು.

"ಕೊಡಗಲ್ಲಿ ತೋಟದ ಲೆಕ್ಕ ಯಾರು ಬಾಯಿ ಬಿಡ್ತಾರೆ" ಅಂದ್ರು ಹಿರಿಯರು, ಪಾಸ್ಟರ್‌ಗೂ ನಂಬಿಕೆ ಇರ್ಲಿಲ್ಲ. ಯಾರೂ ಯಾರಿಗೂ ತೋರಿಸೋ ಹಾಗಿಲ್ಲ, ಅದಕ್ಕೇ ಕವರ್. ಬರೆಸೋ ಮುಂಚೆ ನಾನೊಂದು ಪ್ರಶ್ನೆ ಕೇಳ್ತೀನಿ, ಅದರಿಂದಲೇ ಪೆನ್ನು ಓಡೋದು, ಅದನ್ನ ಇಲ್ಲಿ ಬರೆಯಲ್ಲ, ಮನೆಗೆ ಬಂದ್ರೆ ಹೇಳ್ತೀನಿ.

ಒಬ್ರು ಅಣ್ಣ "ಇದು ನನ್ನ ಬೆವರು" ಅಂತ ಪಟ್ಟು ಹಿಡಿದ್ರು. ನಾನಂದೆ, ಬೆವರು ಮೂಟೆಗೆ ನಾಲ್ಕು ಸಾವಿರ ಇದ್ದಾಗ್ಲೂ ಇಷ್ಟೇ ಸುರಿಸಿದ್ರಲ್ಲ ಅಣ್ಣ, ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಂದು ರೇಟ್ ಏರಿದ್ದು. ಧರ್ಮೋಪದೇಶಕಾಂಡ ಎಂಟನೇ ಅಧ್ಯಾಯದ 17, 18ನೇ ವಚನ ಅವರ ಕೈಲೇ ಓದಿಸಿದೆ, ನನ್ನ ಬಲದಿಂದ್ಲೇ ಸಂಪಾದಿಸಿದೆ ಅನ್ಬೇಡ, ಆ ಶಕ್ತಿ ಕೊಟ್ಟೋನು ದೇವರು ಅಂತ. ಸುಮ್ಮನೆ ಹಾಳೆ ತಗೊಂಡ್ರು.

ಯಾಜಕಕಾಂಡ 19:9ರ ಪ್ರಕಾರ ತೋಟದ ಅಂಚಿನ ಸಾಲು ಕೊಯ್ಯದೆ ಬಡವರಿಗೆ ಬಿಡೋದನ್ನೂ ನೋಡಿದೆ. ಆದ್ರೆ ಕಾಫೀಲಿ ಹಣ್ಣು ಗಿಡದಲ್ಲೇ ಉಳಿದ್ರೆ ಬೆರ್ರಿ ಬೋರರ್‌ಗೆ (ಕಾಫಿ ಹಣ್ಣು ಕೊರೆಯೋ ಹುಳ) ಮನೆ ಆಗುತ್ತೆ. ಅದಕ್ಕೆ ಗಿಡದಡಿ ಉದುರಿದ್ದು ಪೂರ್ತಿ ಕೆಲಸದವರ ಮನೆ ಹೆಂಗಸರಿಗೆ, ಕೊಯ್ದ ವಾರದಲ್ಲೇ ಆರಿಸ್ಕೊಬೇಕು ಅಂತ ಮಾಡಿದೆ. ಕಳೆದ ಸಲ ಮೂರು ಮೂಟೆ ಹತ್ತಿರ ಆಯ್ತು ಅವರಿಗೆ, ತೋಟನೂ ಕ್ಲೀನ್.

ಹನ್ನೆರಡು ಮನೆ ಆಸುಪಾಸಲ್ಲಿ ಎಂಟೊಂಬತ್ತು ಮನೆ ಕವರ್ ಬಿಚ್ಚಿ ಬರೆದ ಹಾಗೇ ನಡ್ಕೊಂಡ್ರು, ಇಷ್ಟು ಬೇರೆ ಯಾವ ಕೂಟದಲ್ಲೂ ನಾನು ಕಂಡಿಲ್ಲ. ಒಂದು ಮನೆಯವರ ಗೆರೆ ಆರು ಲಕ್ಷ, ಬಂದಿದ್ದು ಒಂಬತ್ತರ ಹತ್ತಿರ ಅಂತ ಅವರೇ ಹೇಳಿದ್ರು. ಹಾಳೇಲಿ "ಲೈನ್ ಮನೆ ಶೀಟು" ಅಂತ ಬರೆದಿದ್ರಂತೆ, ಮಳೆಗಾಲಕ್ಕೆ ಮುಂಚೆ ತೋಟದ ಕೆಲಸದವರು ಇರೋ ನಾಲ್ಕೂ ಲೈನ್ ಮನೆಗೆ ಹೊಸ ಶೀಟು ಬಿತ್ತು. ಶುಕ್ರವಾರದ ಕೂಟಕ್ಕೆ ಈಗ ಆ ಲೈನ್ ಮನೆಯವರೂ ಬರ್ತಾರೆ.

ಅರೇಬಿಕಾ ಇರೋ ಸೋಮವಾರಪೇಟೆ ಕಡೆಯವರು ಮಾಡೋದಾದ್ರೆ ಅಕ್ಟೋಬರ್‌ನಲ್ಲೇ ಶುರು ಮಾಡಿ, ಡಿಸೆಂಬರ್ ಅಂದ್ರೆ ಹಣ್ಣು ಆಗ್ಲೇ ಸಿಪ್ಪೆ ಬಿಡಿಸೋ ಪಲ್ಪರ್ ಮೆಷಿನ್‌ಗೆ ಹೋಗಿರುತ್ತೆ.