ಸ್ಟಾಕ್ ಫೋಟೋಗೆ ಯುರೋಪಿನ ಯಾವ ಊರು?

ಸ್ಟಾಕ್ ಸೈಟಿಗೆ (ಜಾಹೀರಾತು, ಪತ್ರಿಕೆಯವರು ಬಳಸೋಕೆ ಫೋಟೋ ಕೊಳ್ಳೋ ವೆಬ್‌ಸೈಟು) ಫೋಟೋ ಮಾರೋ ಉದ್ದೇಶ ಇದ್ದರೆ, ಟಿಕೆಟ್ ಬುಕ್ ಮಾಡೋ ಮೊದಲು ಆ ದೇಶದ ಕಾಪಿರೈಟ್ ನಿಯಮ ನೋಡಿಕೊಳ್ಳಿ. ಪ್ಯಾರಿಸ್ಸನ್ನೇ ತಗೊಳ್ಳಿ. ಐಫೆಲ್ ಟವರ್ 1889ರದ್ದು, ಅದರ ಕಾಪಿರೈಟ್ ಅವಧಿ ಮುಗಿದಿದೆ, ಹಗಲಲ್ಲಿ ತೆಗೆದರೆ ತಕರಾರಿಲ್ಲ. ರಾತ್ರಿಯ ದೀಪಾಲಂಕಾರಕ್ಕೆ ಮಾತ್ರ ಕಾಪಿರೈಟ್ ಇದೆ, ಕಮರ್ಷಿಯಲ್ ಲೈಸೆನ್ಸಿಗೆ (ಜಾಹೀರಾತಿನಂಥ ವಾಣಿಜ್ಯ ಬಳಕೆಗೆ) ಹಾಕಿದರೆ ರಿಜೆಕ್ಟ್ ಆಗೋದೇ ಹೆಚ್ಚು. ಲೂವ್ರ್ ಮ್ಯೂಸಿಯಂ ಅಂಗಳದ ಗಾಜಿನ ಪಿರಮಿಡ್ಡಿಗೂ ಕಾಪಿರೈಟ್ ಇದೆ, ಹಗಲಲ್ಲಿ ತೆಗೆದರೂ ಇದೇ ಕಥೆ. ಇಟಲಿಯಲ್ಲಿ ಸರ್ಕಾರಿ ಸುಪರ್ದಿಯ ಸ್ಮಾರಕಗಳ ಚಿತ್ರ ವಾಣಿಜ್ಯಕ್ಕೆ ಬಳಸೋಕೂ ಅನುಮತಿ ಕೇಳ್ತಾರೆ. ಜರ್ಮನಿ, ಆಸ್ಟ್ರಿಯಾ, ಸ್ಪೇನ್, ಪೋರ್ಚುಗಲ್ ಈ ವಿಷಯದಲ್ಲಿ ಎಷ್ಟೋ ಸಲೀಸು.

ನನ್ನ ಓಟು ಪೋರ್ಚುಗಲ್ಲಿನ ಪೋರ್ಟೋಗೆ. ನದಿ, ಇಳಿಜಾರು ಗಲ್ಲಿಗಳು, 1886ರಲ್ಲಿ ತೆರೆದ ಎರಡು ಮಟ್ಟದ ಕಬ್ಬಿಣದ ಸೇತುವೆ, ಎಲ್ಲಾ ನಡೆದೇ ಮುಟ್ಟಬಹುದು. ಆದರೆ ಸೇತುವೆ ಚಿತ್ರ ಈಗಾಗಲೇ ರಾಶಿ ಬಿದ್ದಿದೆ (ಅದನ್ನ ತೆಗೆಯದೆ ಯಾರೂ ವಾಪಸ್ ಬರಲ್ಲ, ಅದು ಬೇರೆ ಮಾತು). ಅಂಚು ಮುಕ್ಕಾದ ನೀಲಿ ಟೈಲ್ಸ್, ಬಾಲ್ಕನಿಯಲ್ಲಿ ಒಣಗೋ ಬಟ್ಟೆ, ಇಂಥವನ್ನ ತೆಗೀರಿ. ಒಂದು ಪಕ್ಕ ಅಕ್ಷರ ಕೂರಿಸೋಕೆ ಜಾಗ ಖಾಲಿ ಬಿಡಿ, ಡಿಸೈನರ್‌ಗಳಿಗೆ ಬೇಕಾಗೋದು ಅದೇ.

ಮುಖ ಗುರುತು ಸಿಗೋ ಹಾಗಿದ್ದರೆ ಮಾಡೆಲ್ ರಿಲೀಸ್ (ಫೋಟೋದಲ್ಲಿರೋರ ಒಪ್ಪಿಗೆ ಪತ್ರ) ಸಹಿ ಬೇಕು, ಇಲ್ಲಾಂದ್ರೆ ಎಡಿಟೋರಿಯಲ್‌ಗೆ (ಜಾಹೀರಾತಿಗಲ್ಲದೆ ಸುದ್ದಿ, ಲೇಖನಗಳ ಬಳಕೆಗೆ) ಹಾಕಿ. ಜುಲೈ, ಆಗಸ್ಟ್ ಬೇಡವೇ ಬೇಡ, ಫ್ರೇಮ್ ತುಂಬಾ ಪ್ರವಾಸಿಗರೇ.