ಅಂಬಾಸಿಡರ್‌ಗೆ ಹಳೆ ಕ್ಯಾಮ್ ಶಾಫ್ಟ್ ಕೊಳ್ಳುವ ಮುಂಚೆ

ನನ್ನ ಅಂಬಾಸಿಡರ್ ಮಾರ್ಕ್ 2ರಲ್ಲಿ ನಾಲ್ಕನೇ ವಾಲ್ವ್‌ನ ಟ್ಯಾಪೆಟ್ (ಕ್ಯಾಮ್ ಶಾಫ್ಟ್ ತಳ್ಳಿದ್ದನ್ನು ಪುಶ್ ರಾಡ್ ಮೂಲಕ ವಾಲ್ವ್‌ಗೆ ದಾಟಿಸುವ ಭಾಗ) ಎಷ್ಟು ಸಲ ಸೆಟ್ ಮಾಡಿದರೂ ವಾರದಲ್ಲಿ ಮತ್ತೆ ಸಡಿಲ. ಜೊತೆಗೆ ಕಾರ್ಬುರೇಟರ್‌ನಲ್ಲಿ ಪಟ್ ಪಟ್ ಅಂತ ಸದ್ದು. 1489 ಸಿಸಿ ಇಂಜಿನ್‌ನಲ್ಲಿ 1, 4, 5, 8 ಎಕ್ಸಾಸ್ಟ್ ವಾಲ್ವ್‌ಗಳು. ಕ್ಯಾಮ್ ಶಾಫ್ಟ್ ಮೇಲೆ ವಾಲ್ವ್ ತೆರೆಸುವ ಉಬ್ಬಿಗೆ ಲೋಬ್ ಅನ್ನುತ್ತಾರೆ. ಎಕ್ಸಾಸ್ಟ್ ಲೋಬ್ ಸವೆದರೆ ಹೊಗೆ ಪೂರ್ತಿ ಹೊರಗೆ ಹೋಗೋದಿಲ್ಲ, ಇನ್ಲೆಟ್ ಕಡೆಗೆ ನುಗ್ಗುತ್ತದೆ. ಆ ಸದ್ದು ಅದೇ.

ಕ್ಯಾಮ್ ಹುಡುಕಿಕೊಂಡು ಗುಜರಿಗೆ ಹೋದರೆ "ಎಂಜಿ ಕ್ಯಾಮ್ ಸಾರ್, ಗಾಡಿ ಹಾರುತ್ತೆ" ಅನ್ನೋರು ಸಿಗುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಇಂಜಿನ್ನೂ ಎಂಜಿಎ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಇಂಜಿನ್ನೂ ಒಂದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಮನೆತನದವು. ಆದರೆ ಸಾದಾ ಕ್ಯಾಮ್‌ನ ಟೈಮಿಂಗ್ (ಇನ್ಲೆಟ್ ತೆರೆಯೋದು, ಮುಚ್ಚೋದು, ಎಕ್ಸಾಸ್ಟ್ ತೆರೆಯೋದು, ಮುಚ್ಚೋದು, ಡಿಗ್ರಿಯಲ್ಲಿ) 5-45-40-10, ಎಂಜಿಎದು 16-56-51-21. ಅಂದರೆ ಇನ್ಲೆಟ್ ತೆರೆದಿರೋದು ಒಂದರಲ್ಲಿ 230 ಡಿಗ್ರಿ, ಇನ್ನೊಂದರಲ್ಲಿ 252. ಈ ವ್ಯತ್ಯಾಸ ಕಣ್ಣಿಗೆ ಕಾಣೋದಿಲ್ಲ. ಕ್ರ್ಯಾಂಕ್ ಪುಲ್ಲಿಗೆ ಡಿಗ್ರಿ ಚಕ್ರ ಕಟ್ಟಿ, ಪುಶ್ ರಾಡ್ ತುದಿಗೆ ಡಯಲ್ ಗೇಜ್ ಇಟ್ಟರೆ ಮಾತ್ರ ಗೊತ್ತಾಗೋದು. ಊರೊಳಗೆ ಓಡಿಸೋ ಗಾಡಿಗೆ ಸಾದಾ ಕ್ಯಾಮೇ ಚೆಂದ, ಕೆಳಗಿನ ಸ್ಪೀಡಲ್ಲಿ ಎಳೆತ ಜಾಸ್ತಿ.

ಕೈಗೆ ಸಿಕ್ಕಿದ್ದು ಬಿ-ಸೀರೀಸ್‌ದೇನಾ ಅಂತ ಮೊದಲು ನೋಡಿ. ಜರ್ನಲ್ (ಬೇರಿಂಗಿನಲ್ಲಿ ಕೂರುವ ದುಂಡು ಭಾಗ) ಮೂರೇ ಇರಬೇಕು. ಮುಂದಿನದು ದಪ್ಪ, ಹಿಂದೆ ಹೋದ ಹಾಗೆ ಸಣ್ಣ. ಪೆಟ್ರೋಲ್ ಪಂಪ್ ತಳ್ಳುವ ಉಬ್ಬು ಇದೆಯಾ, ಡಿಸ್ಟ್ರಿಬ್ಯೂಟರ್ ಗಿಯರ್ ಹಲ್ಲು ಚೂಪಾಗಿಲ್ಲ ಅಲ್ವಾ, ನೋಡಿಕೊಳ್ಳಿ.

ಆಮೇಲೆ ಮೈಕ್ರೋಮೀಟರ್ ತೆಗೆಯಿರಿ. ಲೋಬ್‌ನ ಮೂಗಿನಿಂದ (ಚಾಚಿದ ತುದಿ) ಬೆನ್ನಿನವರೆಗೆ (ಎದುರಿನ ದುಂಡು ಬದಿ) ಒಂದು ಅಳತೆ, ಅದಕ್ಕೆ ಅಡ್ಡ ಇನ್ನೊಂದು. ಮೊದಲನೆಯದರಲ್ಲಿ ಎರಡನೆಯದು ಕಳೆದರೆ ಲಿಫ್ಟ್, ಅಂದರೆ ಲೋಬ್ ಟ್ಯಾಪೆಟ್ಟನ್ನು ಎತ್ತುವಷ್ಟು. ಬರೀ ಮೂಗಿನ ಎತ್ತರ ನಂಬಬೇಡಿ. ರೀಗ್ರೈಂಡ್ ಮಾಡಿದ (ಮತ್ತೆ ಅರೆದು ಸರಿಮಾಡಿದ) ಕ್ಯಾಮ್‌ನಲ್ಲಿ ಬೆನ್ನನ್ನೂ ಅರೆದಿರುತ್ತಾರೆ, ಎತ್ತರ ಕಡಿಮೆ ಇದ್ದರೂ ಲಿಫ್ಟ್ ಸರಿಯಿರಬಹುದು. ಎಂಟೂ ಲೋಬ್ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಇನ್ಲೆಟ್ ನಾಲ್ಕನ್ನು ಒಂದಕ್ಕೊಂದು, ಎಕ್ಸಾಸ್ಟ್ ನಾಲ್ಕನ್ನು ಒಂದಕ್ಕೊಂದು ಹೋಲಿಸಿ. 5 ಥೌಗಿಂತ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಜಾಸ್ತಿ ವ್ಯತ್ಯಾಸ ಬಂದರೆ ನಾನು ವಾಪಸ್ ಇಟ್ಟುಬಿಡುತ್ತೇನೆ. ಮೂಗಿನ ಮೇಲೆ ಉಗುರು ಎಳೆದು ನೋಡಿ. ಸಣ್ಣ ಗುಂಡಿಗೆ ಉಗುರು ಸಿಕ್ಕಿದರೂ ಅದು ಬೇಡ.

ಟ್ಯಾಪೆಟ್ ವಿಷಯ ಇನ್ನೂ ಮುಖ್ಯ. ಬ್ಲಾಕಿನ ಪಕ್ಕದ ಕವರ್ ಬಿಚ್ಚಿ, ಪುಶ್ ರಾಡ್ ತೆಗೆದರೆ ಟ್ಯಾಪೆಟ್ ಕೈಗೇ ಬರುತ್ತದೆ. ಅದರ ತಳ ಬೆಳಕಿಗೆ ಹಿಡಿಯಿರಿ. ಬಳೆಯ ಹಾಗೆ ದುಂಡು ಗುರುತಿದ್ದರೆ ಅದು ತಿರುಗುತ್ತಿತ್ತು, ಒಳ್ಳೆಯದು. ಒಂದೇ ಗೆರೆ ಬಿದ್ದಿದ್ದರೆ ತಿರುಗದೆ ಲೋಬನ್ನು ತಿಂದಿದೆ. ನನಗೆ ಕ್ಯಾಮ್ ಕೊಟ್ಟ ಅಂಗಡಿಯವರು "ಹಳೆ ಟ್ಯಾಪೆಟ್ಟೇ ಸಾಕು" ಅಂದರು, ನಾನೂ ನಂಬಿದೆ. 800 ಕಿ.ಮೀ. ಕೂಡ ಓಡಲಿಲ್ಲ, ಅದೇ ನಾಲ್ಕನೇ ಲೋಬ್ ಮತ್ತೆ ಹೋಯಿತು. ಬಿಚ್ಚಿದಾಗ ಸಂಪಿನ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಳದಲ್ಲಿ ಬೆಳ್ಳಿ ಪುಡಿಯ ಹಾಗೆ ಲೋಹ ಮಿನುಗುತ್ತಿತ್ತು. ಬೇರೆ ಕ್ಯಾಮ್ ಹಾಕಿದರೆ ಎಂಟೂ ಟ್ಯಾಪೆಟ್ ಹೊಸದೇ ಹಾಕಿ.

ಜೋಡಿಸುವಾಗ ಲೋಬ್‌ಗಳಿಗೂ ಟ್ಯಾಪೆಟ್ ತಳಕ್ಕೂ ಅಸೆಂಬ್ಲಿ ಪೇಸ್ಟ್ ಧಾರಾಳವಾಗಿ ಬಳಿಯಿರಿ. ಕ್ರ್ಯಾಂಕ್ ಮತ್ತು ಕ್ಯಾಮ್‌ನ ಸ್ಪ್ರಾಕೆಟ್ (ಚೈನ್ ಚಕ್ರ) ಎರಡರ ಚುಕ್ಕಿ ಎದುರುಬದುರು ಬರಲಿ. ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂಗೆ ಏರಿಸಿ, 20 ನಿಮಿಷ ಅಲ್ಲೇ ಇಡಿ, ಐಡಲ್‌ಗೆ ಇಳಿಯಲು ಬಿಡಬೇಡಿ.